ಕೂಲಿ ತಡೆದವರ ಪಾಪ

ದುಡಿದವನ ಕೂಲಿಯನ್ನು ತಡೆಹಿಡಿದು ಅದನ್ನು ‘ಪರಿಶುದ್ಧ ಹವ್ಯಾಸ’ವೆಂದು ಕರೆದರೆ ನೀವು ಒಪ್ಪುವಿರಾ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುವ ಎನ್‌ಸಿಎಎ ಮಾಡಿದ್ದು ಇದನ್ನೇ. 2010ರಲ್ಲಿ ಅದು 14 ವರ್ಷಗಳ ಪ್ರಸಾರ ಹಕ್ಕನ್ನು 1,080 ಕೋಟಿ ಡಾಲರಿಗೆ ಮಾರಿತು. ಬೆವರು ಸುರಿಸಿದ ಯುವಕರಿಗೆ ವಿದ್ಯಾರ್ಥಿವೇತನವೇ ಸಾಕೆಂದಿತು. ಮುಂಬಾಗಿಲು ಮುಚ್ಚಿದಾಗ ಹಣ ಹಿತ್ತಲಿನಿಂದ ನುಗ್ಗಿತು. 2017ರಲ್ಲಿ ನಾಲ್ವರು ಸಹಾಯಕ ತರಬೇತುದಾರರು ಲಂಚದ ಆರೋಪದ ಮೇಲೆ ಬಂಧಿತರಾದರು. ಪಾದರಕ್ಷೆ ಕಂಪನಿಯವರು ಆಟಗಾರರ ಕುಟುಂಬಗಳಿಗೆ ಗುಟ್ಟಾಗಿ ಹಣ ತಲುಪಿಸಿದ್ದು 2018ರಲ್ಲಿ ನ್ಯಾಯಾಲಯದಲ್ಲಿ ರುಜುವಾತಾಯಿತು.

ಲಂಚ ಖಂಡಿತವಾಗಿಯೂ ಪಾಪವೇ. ಆದರೆ ಅದಕ್ಕೆ ಎಡೆಮಾಡಿಕೊಟ್ಟ ಅನ್ಯಾಯಕ್ಕೆ ಶಿಕ್ಷೆ ಎಲ್ಲಿ? 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಅದು ದಾನವಲ್ಲ, ತಡವಾಗಿ ತೀರುತ್ತಿರುವ ಸಾಲ. ಆದರ್ಶದ ಹೆಸರಿನಲ್ಲಿ ಯಾರಾದರೂ ಕೂಲಿ ನಿರಾಕರಿಸಿದರೆ, ಲಾಭ ಯಾರ ಪಾಲಾಯಿತೆಂದು ಮೊದಲು ಕೇಳಿರಿ.