ನಿವೃತ್ತ ಶ್ವಾನಕ್ಕೆ ಕೊಟ್ಟ ಮಾತು: ಹಿರಿಯ ಅಧಿಕಾರಿಗಳಿಗೆ ಬಹಿರಂಗ ಪತ್ರ



ಶ್ವಾನದಳದ ಕೆಲಸವೆಲ್ಲ ಮೂಗಿನ ಮೇಲೆ ನಿಂತಿದೆ. ವಾಸನೆ ಗ್ರಹಿಸುವ ಕೋಶಗಳು ಮನುಷ್ಯನಲ್ಲಿ ಸುಮಾರು 50 ಲಕ್ಷ, ನಾಯಿಯಲ್ಲಿ 20 ಕೋಟಿಗೂ ಹೆಚ್ಚು. ಆದರೆ ಮೂಗೊಂದರಿಂದಲೇ ಕಳ್ಳ ಸಿಕ್ಕಿಬೀಳುವುದಿಲ್ಲ. ನಾಯಿ ಎಲ್ಲಿ ತಡವರಿಸಿತು, ಎಲ್ಲಿ ಜಾಡು ಬಿಟ್ಟಿತು, ಬಾಲವೇಕೆ ಬಿಗಿಯಾಯಿತು ಎಂಬುದನ್ನೆಲ್ಲ ಬಲ್ಲ ಹ್ಯಾಂಡ್ಲರ್ ಹಗ್ಗದ ಇನ್ನೊಂದು ತುದಿಯಲ್ಲಿರಬೇಕು. ಮರಿಯಿಂದಲೇ ಊಟ ಹಾಕಿ, ಮೈ ಉಜ್ಜಿ, ತರಬೇತಿಯಲ್ಲಿ ಜೊತೆಗೆ ಓಡಿದವರಿಗಷ್ಟೇ ಅದು ತಿಳಿಯುತ್ತದೆ.

2020ರ ಜುಲೈನಲ್ಲಿ ದಾವಣಗೆರೆ ಜಿಲ್ಲೆಯ ಸೂಳೆಕೆರೆ ಬಳಿ ಕೊಲೆಯಾದಾಗ ಡೋಬರ್‌ಮನ್ ತುಂಗಾ ಹತ್ತು ಕಿ.ಮೀ.ಗೂ ಹೆಚ್ಚು ಓಡಿ ಪೊಲೀಸರಿಗೆ ಆರೋಪಿಯ ಸುಳಿವು ಕೊಟ್ಟಿತು. ಅದರ ಹಿಂದೆ ಮನುಷ್ಯನೂ ಅಷ್ಟೇ ದೂರ ಓಡಿದ್ದ ಎಂಬುದನ್ನು ಮರೆಯಬಾರದು. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಶ್ವಾನ ರಾಣಾ 2019ರಲ್ಲಿ ನರಹಂತಕ ಹುಲಿಯ ಜಾಡು ಹಿಡಿಯಲು ನೆರವಾಯಿತು. ಹುಲಿಯ ವಾಸನೆಗೆ ಬೆದರದೆ ಮುಂದೆ ಹೆಜ್ಜೆ ಇಡುವ ನಾಯಿಗಳು ವಿರಳ. 2022ರಲ್ಲಿ ತುಂಗಾ ಸತ್ತಾಗ ಪೊಲೀಸರು ಗೌರವದಿಂದ ಬೀಳ್ಕೊಟ್ಟರು.

ಸತ್ತ ನಾಯಿಗೆ ಗೌರವ ಸಿಗುತ್ತದೆ, ಬದುಕುಳಿದು ಮುದಿಯಾದದ್ದಕ್ಕೆ ಏನು? ಎಂಟು-ಹತ್ತು ವರ್ಷ ದುಡಿಯುವ ಹೊತ್ತಿಗೆ ಸೊಂಟ ಸೋಲುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ನಿವೃತ್ತ ಹ್ಯಾಂಡ್ಲರ್ ಒಬ್ಬರ ಮನೆಯಲ್ಲಿ ಅಂಥದ್ದೊಂದು ನಾಯಿಯಿದೆ. ಬೀಳ್ಕೊಡುಗೆಯ ದಿನ ಹಾರ ಹಾಕಿ, ಫೋಟೊ ತೆಗೆಸಿಕೊಂಡು, ಅದರ ಊಟ-ಔಷಧಿ ಕೊನೆಯವರೆಗೂ ಪೊಲೀಸ್ ಇಲಾಖೆಯದೇ ಎಂದು ಎಲ್ಲರೆದುರು ಮಾತು ಕೊಡಲಾಯಿತು. ಆ ಮೇಲೆ ಒಂದು ಬಿಲ್ಲೂ ಪಾಸಾಗಿಲ್ಲ. ಮನವಿ ಕೊಟ್ಟದ್ದಾಯಿತು, ಖುದ್ದಾಗಿ ಕೇಳಿದ್ದೂ ಆಯಿತು. ಖರ್ಚು ಹಾಕಲು ಲೆಕ್ಕಶೀರ್ಷಿಕೆ ಇಲ್ಲವೆಂಬುದು ಮೊದಲ ಉತ್ತರ. ಮುದಿ ನಾಯಿಗೆ ಇಷ್ಟೆಲ್ಲ ಯಾಕೆ ಎಂಬುದು ಕೊನೆಯದು. ಪಿಂಚಣಿಯಲ್ಲಿ ಇಂಜೆಕ್ಷನ್ ಕೊಡಿಸುತ್ತಿರುವವರ ಎದುರೇ ಈ ಮಾತು ಆಡಲಾಯಿತು.

ದುಡಿಸಿಕೊಂಡು ಕೈಬಿಡುವುದು ಈ ಊರಿಗೆ ಹೊಸದಲ್ಲ. ಮೂರು ಕಿ.ಮೀ. ಆಳಕ್ಕಿಳಿದು ಚಿನ್ನ ತೆಗೆದವರ ಗಣಿ 2001ರಲ್ಲಿ ಮುಚ್ಚಿತು. ಶ್ವಾಸಕೋಶದಲ್ಲಿ ಕಲ್ಲಿನ ದೂಳು ತುಂಬಿಕೊಂಡವರು ಕಾರ್ಮಿಕರ ಲೈನ್ ಮನೆಗಳಲ್ಲೇ ಉಳಿದರು. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಪುಡಿ ಆಷಾಢದ ಗಾಳಿಗೆ ಇಂದಿಗೂ ಅನ್ನದ ತಟ್ಟೆಗೆ ಬೀಳುತ್ತದೆ. ಮಕ್ಕಳು ಕೆಲಸಕ್ಕಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಎಲ್ಲದಕ್ಕೂ ಭರವಸೆಗಳಿದ್ದವು. ನಾಯಿಗೆ ಕೊಟ್ಟ ಮಾತನ್ನೂ ಅದೇ ಕಡತಕ್ಕೆ ಸೇರಿಸಿದರೆ ಈ ಊರು ಸುಮ್ಮನಿರುವುದಿಲ್ಲ.

ಮಾತು ಕೊಟ್ಟವರು ಅದನ್ನು ಲಿಖಿತ ಆದೇಶವಾಗಿ ಹೊರಡಿಸಲಿ. ನಿವೃತ್ತ ಶ್ವಾನ ತನ್ನ ಹ್ಯಾಂಡ್ಲರ್ ಬಳಿಯೇ ಇರುವ ಹಕ್ಕು, ಪಶುವೈದ್ಯರ ತಪಾಸಣೆ, ಆಹಾರದ ಭತ್ಯೆ ಅದರಲ್ಲಿ ಸ್ಪಷ್ಟವಾಗಿರಲಿ. ಕೋರಮಂಡಲ್‌ನ ಬಾಕಿ ಬಿಲ್ಲುಗಳು ಈ ತಿಂಗಳೊಳಗೆ ಪಾವತಿಯಾಗಲಿ.

ಇತಿ,
ಕೋರಮಂಡಲ್‌ನ ನಿವಾಸಿಗಳು