ಪೆಪ್ಪರ್ ಎಂಬ ಹಿಪ್ಪಲಿ

ಇಂಗ್ಲಿಷಿನ ‘ಪೆಪ್ಪರ್’ ಎಂಬ ಶಬ್ದವು ನಮ್ಮ ನೆಲದಿಂದಲೇ ಹೋದದ್ದು ಎಂದರೆ ವಾಚಕರಲ್ಲಿ ಕೆಲವರು ಅಭಿಮಾನದ ಅತಿಶಯೋಕ್ತಿಯೆಂದು ಭಾವಿಸಬಹುದು. ಹಾಗಲ್ಲ. ಸಂಸ್ಕೃತದ ಪಿಪ್ಪಲಿ ಗ್ರೀಕರ ಬಾಯಲ್ಲಿ ಪೆಪೆರಿ ಆಯಿತು. ರೋಮನರಲ್ಲಿ ಪಿಪೆರ್, ಹಳೆಯ ಇಂಗ್ಲಿಷಿನಲ್ಲಿ ಪಿಪೊರ್, ಕೊನೆಗೆ ಪೆಪ್ಪರ್. ಅದೇ ಪಿಪ್ಪಲಿ ಕನ್ನಡದಲ್ಲಿ, ಪಾಲು ಹಾಲಾದ, ಪೂವು ಹೂವಾದ ದಾರಿಯನ್ನೇ ಹಿಡಿದು ಹಿಪ್ಪಲಿ ಎನಿಸಿತು. ಕೆಮ್ಮಿನ ಕಷಾಯಕ್ಕೆಂದು ಹಾವೇರಿ ಪೇಟೆಯ ನಾರುಬೇರಿನ ಅಂಗಡಿಯಿಂದ ಹಿರಿಯರು ತರಿಸುವ, ಶುಂಠಿ ಮತ್ತು ಮೆಣಸುಗಳ ಜೊತೆಗೂಡಿ ತ್ರಿಕಟು ಎನಿಸಿಕೊಳ್ಳುವ ಆ ನೀಳವಾದ ಕಾಯಿಯೇ ‘ಪೆಪ್ಪರ್’ ಶಬ್ದದ ಮೂಲ ಒಡೆಯ.

ಆದರೆ ಹೆಸರು ಒಡೆಯನ ಬಳಿ ಉಳಿಯಲಿಲ್ಲ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯ ದರಪಟ್ಟಿಯಲ್ಲಿ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿಯಸ್, ಕರಿಮೆಣಸಿಗೆ 4. ಎರಡೂ ಅವನಿಗೆ ಪಿಪೆರ್. ಕಾಲಕ್ರಮೇಣ ಅಗ್ಗದ ಕರಿಮೆಣಸೇ ಅಡುಗೆಮನೆಯನ್ನು ಗೆದ್ದು ಹೆಸರನ್ನೂ ತನ್ನದಾಗಿಸಿಕೊಂಡಿತು. ಅಗ್ಗವೆಂದರೂ ಅದು ಹಿಪ್ಪಲಿಯ ಎದುರಿಗೆ ಮಾತ್ರ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಗೋಥರ ರಾಜ ಅಲಾರಿಕನು ಚಿನ್ನ, ಬೆಳ್ಳಿ, ರೇಷ್ಮೆಗಳ ಜೊತೆಗೆ 3,000 ಪೌಂಡು ಮೆಣಸನ್ನೂ ಕಪ್ಪವಾಗಿ ಕೇಳಿ ಪಡೆದನು. ಮಧ್ಯಯುಗದ ಯುರೋಪಿನಲ್ಲಿ ಭೂಮಿಯ ಗೇಣಿಯನ್ನು ಮೆಣಸಿನಲ್ಲಿಯೇ ಸಲ್ಲಿಸುವ ಪದ್ಧತಿಯೂ ಇದ್ದಿತು. ಬೆಲೆ ಇಳಿದ ಮೇಲೆ ಮಾತಿನ ಅರ್ಥ ತಲೆಕೆಳಗಾಯಿತು. ಇಂದು ಇಂಗ್ಲಿಷಿನಲ್ಲಿ ‘ಪೆಪ್ಪರ್‌ಕಾರ್ನ್ ಬಾಡಿಗೆ’ ಎಂದರೆ ಹೆಸರಿಗಷ್ಟೇ ಕೊಡುವ ಬಾಡಿಗೆ. ಬರ್ಮುಡಾ ದ್ವೀಪದ ಸೇಂಟ್ ಜಾರ್ಜ್ ಪಟ್ಟಣದಲ್ಲಿ ಹಳೆಯ ಸರಕಾರಿ ಭವನವೊಂದಕ್ಕೆ ವರ್ಷಕ್ಕೊಂದು ಮೆಣಸಿನ ಕಾಳನ್ನು ಬಾಡಿಗೆಯಾಗಿ ಒಪ್ಪಿಸುವ ಸಮಾರಂಭ ಈಗಲೂ ನಡೆಯುತ್ತದೆ. ಒಂದು ಕಾಲದ ಸಂಪತ್ತು ಮುಂದೊಂದು ಕಾಲಕ್ಕೆ ವಿನೋದವಾಗುವುದು ಹೀಗೆ.

ಎರಡನೆಯ ಪಲ್ಲಟವು ನಮಗೆ ಇನ್ನೂ ಹತ್ತಿರದ್ದು. 1492ರಲ್ಲಿ ಕೊಲಂಬಸನು ಮೆಣಸಿನ ನಾಡನ್ನು ಅರಸಿ ಹೊರಟು ಅಮೆರಿಕವನ್ನು ಮುಟ್ಟಿದನು. ಅಲ್ಲಿ ಕಂಡ ಖಾರದ ಕಾಯಿಗೂ ಮೆಣಸಿನ ಹೆಸರೇ ಅಂಟಿಕೊಂಡಿತು. ಮೆಣಸು ಬಳ್ಳಿಯ ಕಾಳು. ಮೆಣಸಿನಕಾಯಿಯಾದರೋ ಬದನೆ, ಟೊಮೆಟೊಗಳ ಕುಲದ್ದು. ಇವೆರಡಕ್ಕೂ ಖಾರವೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದ ಪೋರ್ತುಗೀಜರೇ ಹದಿನಾರನೆಯ ಶತಮಾನದಲ್ಲಿ ಈ ಹೊಸ ಕಾಯಿಯನ್ನು ನಮ್ಮ ಕರಾವಳಿಗೆ ತಂದವರು. ಹನ್ನೆರಡನೆಯ ಶತಮಾನದ ಕಲ್ಯಾಣದ ದಾಸೋಹದಲ್ಲಿ ಖಾರವಿದ್ದರೆ ಅದು ಮೆಣಸಿನದು, ಹಿಪ್ಪಲಿಯದು, ಶುಂಠಿಯದು. ಕೆಂಪು ಚಟ್ನಿಯ ದರ್ಶನ ಶರಣರಿಗೆ ಆಗಿರಲಾರದು!

ಇಂಗ್ಲಿಷರನ್ನು ನಗಲು ನಮಗೆ ಅಧಿಕಾರವಿಲ್ಲ. ನಾವೂ ಹೊಸ ಹೆಸರನ್ನು ಹುಡುಕದೆ ಮೆಣಸಿಗೆ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಎಂದೆವು. ತಮಿಳರು ಮಿಳಗಿನಿಂದ ಮಿಳಗಾಯ್ ಮಾಡಿಕೊಂಡರು. ಸಂಜೆಯ ಮಂಡಕ್ಕಿಯ ಜೊತೆ ನಾವು ಸವಿಯುವ ಮಿರ್ಚಿಯೂ ಸಂಸ್ಕೃತದ ಮರೀಚವೇ, ಅಂದರೆ ಕರಿಮೆಣಸೇ. ರಾಣೇಬೆನ್ನೂರು ಸೀಮೆಯಲ್ಲಿ ಸಂಕರ ಬೀಜೋತ್ಪಾದನೆ ದೊಡ್ಡ ಕಸುಬು. ಮೊಗ್ಗಿನ ಕೇಸರವನ್ನು ಕೈಯಿಂದಲೇ ಬಿಡಿಸಿ, ಬೇರೆ ಗಿಡದ ಪರಾಗವನ್ನು ತಾಗಿಸಿ ಪಡೆದ ಬೀಜಗಳವು. ಬೀಜೋದ್ಯಮದ ಇಂಗ್ಲಿಷಿನಲ್ಲಿ ಮೆಣಸಿನಕಾಯಿ ‘ಹಾಟ್ ಪೆಪ್ಪರ್’, ದೊಣ್ಣೆಮೆಣಸಿನಕಾಯಿ ‘ಸ್ವೀಟ್ ಪೆಪ್ಪರ್’. ಸಿಹಿಯಾದ ಹಿಪ್ಪಲಿ ಎಂದಂತಾಯಿತು! ಹುರುಪು ಎಂಬ ಅರ್ಥದ ‘ಪೆಪ್’ ಇದರ ಮೊಟಕು ರೂಪ. ಪ್ರಶ್ನೆಗಳ ಸುರಿಮಳೆಗರೆಯುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಶಬ್ದ ಕ್ರಿಯಾಪದವಾಗುತ್ತದೆ. ಖಾರದ ಪುದೀನವು ಪೆಪ್ಪರ್‌ಮಿಂಟ್ ಆಗಿ, ಅದರ ಮಿಠಾಯಿ ನಮ್ಮ ಮಕ್ಕಳ ಬಾಯಲ್ಲಿ ‘ಪೆಪ್ಪರಮೆಂಟು’ ಆಗಿ ತವರಿಗೆ ಮರಳಿದೆ.

ಶಬ್ದವು ವಸ್ತುವಿನಿಂದ ವಸ್ತುವಿಗೆ ಜಾರುವುದು ಹಳೆಯ ಕಾಲದ ಕಥೆಯಷ್ಟೇ ಅಲ್ಲ. ನಮ್ಮ ಬ್ಯಾಡಗಿಯಲ್ಲಿ ಅದು ಕಣ್ಣೆದುರೇ ನಡೆಯುತ್ತಿದೆ. ಬ್ಯಾಡಗಿ ಎಂಬುದು ಊರಿನ ಹೆಸರು. ಆದರೆ ಬೆಂಗಳೂರಿನ ಅಂಗಡಿಯಲ್ಲಿ ‘ಬ್ಯಾಡಗಿ ಕೊಡಿ’ ಎನ್ನುವವರು ಕೇಳುವುದು ಬಣ್ಣವನ್ನು. ಖಾರ ಬೇಕಾದವರು ‘ಗುಂಟೂರು’ ಎನ್ನುತ್ತಾರೆ. ಎರಡು ಊರುಗಳು ಎರಡು ಗುಣಗಳಾಗಿವೆ. ಸುಕ್ಕುಗಟ್ಟಿದ, ಕಡುಗೆಂಪಿನ, ಖಾರ ಕಡಿಮೆಯಿರುವ ಡಬ್ಬಿ ಮತ್ತು ಕಡ್ಡಿ ತಳಿಗಳಿಗೆ ಸಂದ ಹೆಸರಿದು. ಅವುಗಳ ಬಣ್ಣದ ಸತ್ತ್ವ ಲಿಪ್‌ಸ್ಟಿಕ್‌ವರೆಗೂ ಸಾಗಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆಯೂ ದೊರೆಯಿತು. ಆದರೂ ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಹೊಲಗಳಿಂದ ಈ ಪೇಟೆಗೆ ಬರುವ, ನೋಟಕ್ಕೆ ಹೋಲುವ ಸಂಕರ ತಳಿಗಳೂ ವ್ಯಾಪಾರದ ಮಾತಿನಲ್ಲಿ ‘ಬ್ಯಾಡಗಿ’ಯೇ ಆಗುತ್ತವೆ.

ಇದನ್ನು ಬರಿಯ ಪಂಡಿತರ ಚರ್ಚೆಯೆಂದು ತಳ್ಳಿಹಾಕಲಾಗದು. ಮಳೆಯನ್ನೇ ನಂಬಿ ಕಡಿಮೆ ಇಳುವರಿಯ ಡಬ್ಬಿ ಬೆಳೆಯುವ ರೈತನಿಗೆ ಆ ಹೆಸರೇ ಬಂಡವಾಳ. ಇಳುವರಿಯಲ್ಲಿ ಅವನು ಸಂಕರ ತಳಿಯೊಡನೆ ಸ್ಪರ್ಧಿಸಲಾರ. ದರವು ಎಷ್ಟು ಸೂಕ್ಷ್ಮದ ಸಂಗತಿಯೆಂಬುದನ್ನು 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಕಂಡಿತು. ಬೆಲೆ ಕುಸಿದದ್ದರಿಂದ ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆ ಸಿಟ್ಟಿನ ಹಿಂದಿದ್ದ ಸಂಕಟವನ್ನು ಅಲ್ಲಗಳೆಯಲೂ ಆಗದು.

ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ನಮ್ಮ ತಾಯಂದಿರು ‘ಬ್ಯಾಡಗಿ’ ಎಂಬ ಮಾತಿಗೆ ತೃಪ್ತರಾಗದೆ, ಡಬ್ಬಿಯೋ ಕಡ್ಡಿಯೋ, ಯಾವ ಊರಿನ ಹೊಲದ್ದು ಎಂದು ಚೀಲದ ಮುಂದೆ ನಿಂತೇ ವಿಚಾರಿಸಬಹುದು. ಗೊತ್ತಿರುವ ಅಂಗಡಿಕಾರ ಉತ್ತರಿಸುತ್ತಾನೆ.