ಶರಣಾಗತಿಯ ಸಂಭ್ರಮದಲ್ಲಿ ಮರೆತ ಪ್ರಶ್ನೆ

2025ರ ಜನವರಿ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸಮ್ಮುಖದಲ್ಲಿ ಆರು ಮಂದಿ ಮಾವೋವಾದಿಗಳು ಶರಣಾದರು. ಕರ್ನಾಟಕ ನಕ್ಸಲ್‌ಮುಕ್ತವಾಯಿತೆಂಬ ಘೋಷಣೆ ಅದರ ಬೆನ್ನಿಗೇ ಬಂತು. ಶರಣಾದವರಲ್ಲಿ ಮೂವರು ಮಹಿಳೆಯರ ಹೆಸರುಗಳೊಡನೆ ಮುಂಡಗಾರು, ಕುತ್ಲೂರು, ಬಾಳೆಹೊಳೆ ಎಂಬ ಊರುಗಳು ಅಂಟಿಕೊಂಡಿವೆ. ಮೂರೂ ಕುದುರೆಮುಖ ಸೀಮೆಯ ಊರುಗಳು. ಈ ಕಾಡಂಚಿನ ಊರುಗಳ ಹೆಣ್ಣುಮಕ್ಕಳೇ ಏಕೆ ಬಂದೂಕು ಹಿಡಿದರೆಂದು ಸಂಭ್ರಮಿಸಿದವರಲ್ಲಿ ಹೆಚ್ಚಿನವರು ಕೇಳಲಿಲ್ಲ.

ಪೊಲೀಸ್ ಇಲಾಖೆಯ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಹೊರಗಿನವರು ಬಂದು ಮುಗ್ಧ ಆದಿವಾಸಿಗಳ ತಲೆಕೆಡಿಸಿದರು. ಪ್ರಭುತ್ವದ ದಮನವನ್ನೇ ವಿಷಯವಾಗಿಸಿಕೊಂಡ ರಾಜ್ಯಶಾಸ್ತ್ರಜ್ಞರು ಇಷ್ಟು ಸುಲಭದ ಉತ್ತರಕ್ಕೆ ತೃಪ್ತರಾಗಿಲ್ಲ. ದಮನವು ಜನರನ್ನು ಅಂಜಿಸುತ್ತದೆಯೋ ಕೆರಳಿಸುತ್ತದೆಯೋ ಎಂಬ ಪ್ರಶ್ನೆಯನ್ನು 1987ರಲ್ಲಿ ಅಮೆರಿಕದ ಮಾರ್ಕ್ ಲಿಚ್‌ಬ್ಯಾಕ್ ಕೈಗೆತ್ತಿಕೊಂಡರು. ಶಾಂತಿಯುತ ಪ್ರತಿಭಟನೆಯ ಬೆಲೆಯನ್ನು ಸರಕಾರ ಏರಿಸಿದರೆ ಜನ ಪ್ರತಿಭಟನೆಯನ್ನು ಕೈಬಿಡುವುದಿಲ್ಲ, ವಿಧಾನವನ್ನು ಬದಲಿಸುತ್ತಾರೆ ಎಂಬುದು ಅವರ ವಾದದ ತಿರುಳು. ಒಮ್ಮೆ ಓಲೈಕೆ, ಮತ್ತೊಮ್ಮೆ ಲಾಠಿ ಎಂಬ ಹೊಯ್ದಾಟದ ನೀತಿಯು ಅಶಾಂತಿಯನ್ನು ಹೆಚ್ಚಿಸುತ್ತದೆಂದೂ ಅವರು ಹೇಳಿದರು. 1998ರಲ್ಲಿ ವಿಲ್ ಮೂರ್ ಪೆರು ಮತ್ತು ಶ್ರೀಲಂಕಾಗಳ ಘಟನಾವಳಿಯನ್ನು ಪರಿಶೀಲಿಸಿದಾಗ ವಿಧಾನ ಬದಲಾಗುವ ಈ ವಾದಕ್ಕೆ ಬೆಂಬಲ ದೊರೆಯಿತು. ಸವಾಲು ಎದುರಾದಾಗಲೆಲ್ಲ ಸರಕಾರಗಳು ಬಲಪ್ರಯೋಗಕ್ಕೆ ಮುಂದಾಗುವುದು ಹೆಚ್ಚುಕಡಿಮೆ ನಿಯಮವೇ ಆಗಿದೆ ಎನ್ನುವ ಕ್ರಿಶ್ಚಿಯನ್ ಡೇವನ್‌ಪೋರ್ಟ್, ಆ ಬಲಪ್ರಯೋಗದಿಂದ ಅಸಮಾಧಾನ ಅಡಗುತ್ತದೆಂಬುದಕ್ಕೆ ಒಮ್ಮತದ ಪುರಾವೆ ಇಲ್ಲವೆಂಬುದನ್ನೂ ಎತ್ತಿ ತೋರಿಸಿದ್ದಾರೆ.

ಲಿಚ್‌ಬ್ಯಾಕ್ ತಮ್ಮ ಪ್ರಬಂಧ ಪ್ರಕಟಿಸಿದ 1987ರಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಬಿತ್ತೆಂಬುದು ಕೇವಲ ಕಾಕತಾಳೀಯ. ಆದರೆ ಅವರ ವಾದವನ್ನು ಒರೆಗೆ ಹಚ್ಚಲು ಮಲೆನಾಡಿಗಿಂತ ದೂರ ಹೋಗಬೇಕಿಲ್ಲ. 2001ರ ಅಂತಿಮ ಅಧಿಸೂಚನೆಯೊಂದಿಗೆ ಮಲೆಕುಡಿಯ, ಗೌಡಲು ಕುಟುಂಬಗಳು ತಲೆತಲಾಂತರದಿಂದ ಬಾಳಿದ ನೆಲದಲ್ಲೇ ಅತಿಕ್ರಮಣಕಾರರಂತಾದವು. ಅವರು ಮೊದಲು ಹಿಡಿದದ್ದು ಮನವಿಪತ್ರಗಳನ್ನು, ನಡೆಸಿದ್ದು ಸಭೆ-ಮೆರವಣಿಗೆಗಳನ್ನು. ಒಂದೆಡೆ ಪುನರ್ವಸತಿಯ ಭರವಸೆ, ಇನ್ನೊಂದೆಡೆ ಒಕ್ಕಲೆಬ್ಬಿಸುವ ಬೆದರಿಕೆ, ಅದರ ಹಿಂದೆಯೇ ಕೂಂಬಿಂಗ್. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. ಗೌರಿ ಲಂಕೇಶ್ ಮೊದಲಾದವರು ಮಾತುಕತೆಯ ದಾರಿಯನ್ನು ಸೂಚಿಸಿದಾಗ ಅವರಿಗೇ ನಕ್ಸಲ್ ಬೆಂಬಲಿಗರೆಂಬ ಹಣೆಪಟ್ಟಿ ಬಿತ್ತು. 2005ರ ಫೆಬ್ರುವರಿ 6ರಂದು ಸಾಕೇತ್ ರಾಜನ್ ಹತರಾದರು. ವಾರ ಕಳೆಯುವುದರೊಳಗೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪಡೆಯ ಪೊಲೀಸರು ಹತರಾದರು. ಮುಂದೆ ಮಾಹಿತಿದಾರರೆಂಬ ಶಂಕೆಯ ಮೇಲೆ ಮಾವೋವಾದಿಗಳು ಮೂಲನಿವಾಸಿಗಳನ್ನೇ ಕೊಂದರು. ಯಾರ ಹೆಸರಿನಲ್ಲಿ ಹೋರಾಟವೋ ಅವರನ್ನೇ ಕೊಲ್ಲುವ ರಾಜಕಾರಣಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಕೊಲೆಗಳು ಪೊಲೀಸ್ ಕಾರ್ಯಾಚರಣೆಗೆ ಒದಗಿಸಿದ ನೆಪವಂತೂ ದೊಡ್ಡದು.

ಹೀಗೆ ಸತ್ತವರನ್ನು ಎಣಿಸಬಹುದು. ಬದುಕಿ ನವೆದವರನ್ನು ಎಣಿಸುವವರಾರು? ದೇಶಗಳ ದಮನವನ್ನು ಅಳೆಯುವ ಹೆಸರಾಂತ ಮಾಪನವೊಂದು ಆಮ್ನೆಸ್ಟಿ, ಅಮೆರಿಕದ ವಿದೇಶಾಂಗ ಇಲಾಖೆ ಮುಂತಾದವುಗಳ ವರದಿಗಳನ್ನು ಓದಿ ವರ್ಷಕ್ಕೊಮ್ಮೆ ಒಂದೊಂದು ದೇಶಕ್ಕೆ 1ರಿಂದ 5ರವರೆಗಿನ ಅಂಕ ಕೊಡುತ್ತದೆ. ಇಡೀ ಭಾರತಕ್ಕೆ ಒಂದೇ ಅಂಕ. ಅದರಲ್ಲಿ ಒಂದು ಹಾಡಿಯ ಪಾಡು ಕಾಣಿಸುವುದಾದರೂ ಹೇಗೆ? 2012ರಲ್ಲಿ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು ತಂದೆಯೊಡನೆ ಬಂಧಿಸಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು! ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿದ್ದು 2021ರಲ್ಲಿ. ಒಂಬತ್ತು ವರ್ಷಗಳ ಈ ಅಲೆದಾಟದಲ್ಲಿ ಎನ್‌ಕೌಂಟರ್ ಇಲ್ಲ, ಶವವಿಲ್ಲ; ಆದರೂ ಅದನ್ನು ಕಂಡ ಊರಿನಲ್ಲಿ ಮನವಿಪತ್ರಕ್ಕೆ ಸಹಿ ಹಾಕಲು ಕೈ ನಡುಗದಿರುತ್ತದೆಯೇ?

ಪರಿಸರವಾದಿಗಳೂ ಇಲ್ಲಿ ನುಣುಚಿಕೊಳ್ಳುವಂತಿಲ್ಲ. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿ, 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಭದ್ರೆಯ ಒಡಲಿಗೆ ಹೂಳು ತುಂಬುತ್ತಿದ್ದ ಗಣಿ ಮುಚ್ಚಿದ್ದು ನಿಜವಾದ ಗೆಲುವೇ. ಆದರೆ ಬೆಟ್ಟವನ್ನೇ ಬಗೆದ ಕಂಪನಿಗೂ ಗುಡ್ಡದ ಬುಡದಲ್ಲಿ ಅರ್ಧ ಎಕರೆ ಗದ್ದೆ ಮಾಡಿದವನಿಗೂ ಒಂದೇ ತಕ್ಕಡಿ ಹಿಡಿದು, ಇಬ್ಬರೂ ಕಾಡಿನಿಂದ ಹೊರಹೋಗಲಿ ಎಂದವರಿದ್ದರು. ಹಾಡಿಗಳಿಗೆ ಬೂಟುಕಾಲುಗಳು ನುಗ್ಗಿದಾಗ ಅವರಲ್ಲಿ ಅನೇಕರು ಹುಲಿ, ಸಿಂಗಳೀಕಗಳ ಬಗ್ಗೆಯಷ್ಟೇ ಮಾತಾಡಿದರು. ಆ ಮೌನ ಕಾಡಿಗೂ ಒಳ್ಳೆಯದು ಮಾಡಲಿಲ್ಲ. ಕಾಡನ್ನು ಕಣ್ಣಿಟ್ಟು ಕಾಯಬಲ್ಲವರನ್ನೇ ಅರಣ್ಯ ಸಂರಕ್ಷಣೆಯೆಂಬ ಮಾತಿಗೆ ಬೆಚ್ಚುವಂತೆ ಮಾಡಿತು.

ನಕ್ಸಲ್‌ಮುಕ್ತ ಎಂದು ಘೋಷಿಸಿದ ಸರಕಾರ ಇನ್ನೂ ಎರಡು ಲೆಕ್ಕಗಳನ್ನು ಜನರ ಮುಂದಿಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕುದುರೆಮುಖ ಸೀಮೆಯಲ್ಲಿ ಸಲ್ಲಿಕೆಯಾದ ಅರ್ಜಿಗಳೆಷ್ಟು, ತಿರಸ್ಕೃತವಾದವೆಷ್ಟು, ಯಾವ ಕಾರಣಕ್ಕೆ ಎಂಬುದು ಒಂದು. ನಕ್ಸಲ್ ನಂಟಿನ ಆರೋಪ ಹೊತ್ತು ನ್ಯಾಯಾಲಯಗಳಿಗೆ ಅಲೆದವರೆಷ್ಟು ಮಂದಿ, ಅವರಲ್ಲಿ ಖುಲಾಸೆಯಾದವರೆಷ್ಟು ಎಂಬುದು ಇನ್ನೊಂದು. ಶರಣಾದವರಿಗೆ ಪುನರ್ವಸತಿ ಪ್ಯಾಕೇಜ್ ಇದೆ, ಇರಲಿ. ತಪ್ಪು ಮೊಕದ್ದಮೆಗಳಿಗೆ ಬಲಿಯಾದವರಿಗೆ ಪರಿಹಾರ ಕೊಡುವ ಶಾಸನ ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದ್ದು 2018ರಲ್ಲಿ.